ಅಜ್ಜಿಯ ಕರಿಮರಳು

ನಾನಿನ್ನೂ ನಮ್ಮಜ್ಜಿಯ ಸೊಂಟದಷ್ಟೇ ಎತ್ತರವಿದ್ದ ಕಾಲದ ಮಾತು ಇದು. ನಂಜನಗೂಡಿನಿಂದ ಬದನವಾಳಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಹಳ್ಳಿ. ಅವ್ವ ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬದನವಾಳಿನ ಖಾದಿ ಕೇಂದ್ರಕ್ಕೆ ನೂಲಲು ಹೋಗುತ್ತಿದ್ದಳು. ಅಪ್ಪ, ಅಣ್ಣ ಹೊಲಕ್ಕೆ ಹೋಗುತ್ತಿದ್ದರು. ಮನೆಯೊಳಗೆ ಅಜ್ಜಿಯದೇ ದರ್ಬಾರು.

ಅಜ್ಜಿ ಹುರಿಯುವ ಖಾರದ ಕಡಲೆಬೀಜ ಬೀದಿಗೆಲ್ಲ ಗೊತ್ತಿತ್ತು. ಮಕ್ಕಳೇ, ನೀವು ಪ್ಯಾಕೆಟ್ಟು ಹರಿದು ತಿನ್ನುವ, ಹಿಟ್ಟು ಮೆತ್ತಿಕೊಂಡ ಕಡಲೆಬೀಜ ಅಲ್ಲ ಅದು. ಹೊಲದಿಂದ ಬಂದ ಹೊಸ ಕಾಯಿಯನ್ನು ಒಣಗಿಸಿ, ಸುಲಿದು, ಕೆಂಪು ಸಿಪ್ಪೆಯ ಬೀಜಕ್ಕೆ ಬಿಸಿ ಉಪ್ಪುನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಮುಚ್ಚಿಡುತ್ತಿದ್ದಳು. ಆಮೇಲೆ ಕಬ್ಬಿಣದ ಬಾಣಲಿಯಲ್ಲಿ ಮರಳು ಕಾಯಿಸಿ, ಆ ಮರಳಿನೊಳಗೆ ಬೀಜ ಹಾಕಿ ಹುರಿಯುತ್ತಿದ್ದಳು. ಹಲ್ಲಿಗೆ ಮರಳು ಸಿಕ್ಕುವುದಿಲ್ಲವೇ ಎಂದು ನೀವು ಕೇಳುತ್ತೀರಿ. ಸಿಕ್ಕುವುದಿಲ್ಲ. ಬೀಜ ದಪ್ಪ, ಮರಳು ಸಣ್ಣ. ಜರಡಿಗೆ ಹಾಕಿ ಅಲ್ಲಾಡಿಸಿದರೆ ಮರಳೆಲ್ಲ ಕೆಳಗೆ, ಬೀಜವೆಲ್ಲ ಮೇಲೆ. ಬಿಸಿ ಆರುವ ಮೊದಲೇ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಇಂಗು ಕುಟ್ಟಿದ ಪುಡಿಯನ್ನೂ, ಎಣ್ಣೆಯಲ್ಲಿ ಗರಿಗರಿಯಾದ ಕರಿಬೇವನ್ನೂ ಸೇರಿಸಿ ಕುಲುಕುತ್ತಿದ್ದಳು. ಆ ಘಮಕ್ಕೆ ಆಚೆ ಬೀದಿಯ ಮಕ್ಕಳೂ ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಯಾಕೆ ಬಂದೆವೆಂದು ಯಾರೂ ಹೇಳುತ್ತಿರಲಿಲ್ಲ. ಸುಮ್ಮನೆ ಕೂರುತ್ತಿದ್ದರು.

ಹುರಿಯುವ ಮರಳಿಗೇ ಒಂದು ಮಡಕೆ ಇತ್ತು. ಆ ಮರಳು ಅಜ್ಜಿಯ ಅತ್ತೆಯ ಕಾಲದ್ದು. ವರ್ಷ ವರ್ಷವೂ ಕಾದು, ಕಡಲೆಬೀಜದ ಎಣ್ಣೆ ಕುಡಿದು, ಕಪ್ಪಗೆ ನುಣ್ಣಗೆ ಆಗಿತ್ತು. ಕೈಯಲ್ಲಿ ಹಿಡಿದರೆ ಗಸಗಸೆ ಹಿಡಿದ ಹಾಗೆ ಬೆರಳ ಸಂದಿಯಲ್ಲಿ ಜಾರಿಹೋಗುತ್ತಿತ್ತು. ವರ್ಷವೆಲ್ಲ ಅಟ್ಟದ ಮೇಲೆ ಇರುತ್ತಿದ್ದ ಆ ಮಡಕೆ, ಹೊಸ ಕಡಲೆಕಾಯಿ ಬಂದಾಗ ಮಾತ್ರ ಕೆಳಗಿಳಿಯುತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ಅಣ್ಣನಿಗೆ ಮದುವೆಯಾಗಿತ್ತು. ಅತ್ತಿಗೆ ಟಿ. ನರಸೀಪುರದ ಕಡೆಯವಳು. ಹೊಳೆಯ ದಡದಲ್ಲೇ ಅವರ ಮನೆ. ನೀರು ಇಳಿದಾಗ ಮರಳಿನಲ್ಲಿ ಸೌತೆ, ಕಲ್ಲಂಗಡಿ ಬೆಳೆಯುತ್ತಿದ್ದರು. ಅತ್ತಿಗೆಗೆ ತಾಯಿ ಇರಲಿಲ್ಲ. ಅವಳು ಅಂಬೆಗಾಲಿಡುವಾಗಲೇ ತೀರಿಕೊಂಡಿದ್ದರಂತೆ. ಅವಳ ಅಪ್ಪನೇ ಅಡುಗೆ ಮಾಡಿ, ಜಡೆ ಹಾಕಿ ಬೆಳೆಸಿದ್ದರು. ಇದನ್ನು ನಮ್ಮ ಊರಿನ ಕೆಲವರು ಮದುವೆಯ ದಿನ ಒಂದು ಥರಾ ಮಾಡಿ ಹೇಳಿದ್ದರು. ಗಂಡಸು ಬೆಳೆಸಿದ ಹುಡುಗಿಗೆ ಮನೆಗೆಲಸ ಏನು ಬಂದೀತು ಎಂದು. ಅತ್ತಿಗೆಯ ಕಿವಿಗೂ ಅದು ಬಿದ್ದಿತ್ತು. ಅದಕ್ಕೇ ಇರಬೇಕು, ಅವಳು ಒಂದು ಗಳಿಗೆಯೂ ಸುಮ್ಮನೆ ಕೂರುತ್ತಿರಲಿಲ್ಲ.

ಮದುವೆಯಾದ ಮೇಲಿನ ಮೊದಲ ದೀಪಾವಳಿ ಬಂತು. ಮಗಳನ್ನೂ ಅಳಿಯನನ್ನೂ ಕರೆದುಕೊಂಡು ಹೋಗಲು ಅತ್ತಿಗೆಯ ಅಪ್ಪ ಭಾನುವಾರ ಬೆಳಿಗ್ಗೆ ಬರುವುದಾಗಿ ಹೇಳಿ ಕಳಿಸಿದ್ದರು. ಬೀಗರ ಮನೆಗೆ ಏನು ಕಳಿಸುವುದು ಎಂಬ ಪ್ರಶ್ನೆಯೇ ಇರಲಿಲ್ಲ. ಒಂದು ಡಬ್ಬಿ ತುಂಬ ಖಾರದ ಕಡಲೆಬೀಜ. ಶನಿವಾರ ಬೆಳಿಗ್ಗೆ ಅಜ್ಜಿ ಮರಳಿನ ಮಡಕೆಯನ್ನು ಅಟ್ಟದಿಂದ ಇಳಿಸಿ, ಬಿಸಿಲು ಕಾಯಲಿ ಎಂದು ಹಿತ್ತಲಲ್ಲಿ ಇಟ್ಟಳು. ಇಟ್ಟದ್ದು ಎಲ್ಲಿ ಎಂದರೆ ಬಚ್ಚಲ ಕಲ್ಲಿನ ಹತ್ತಿರ, ಬೂದಿಯ ಮಡಕೆಯ ಪಕ್ಕದಲ್ಲಿ. ಬಿಸಿಲು ಚೆನ್ನಾಗಿ ಬೀಳುತ್ತಿದ್ದದ್ದು ಅಲ್ಲೇ. ಆಮೇಲೆ ಹೊಲದಲ್ಲಿ ಉಳಿದ ಕಡಲೆಕಾಯಿ ಆರಿಸಲು ಹೋದಳು.

ಶನಿವಾರ ನಮಗೆ ಬೆಳಗಿನ ಸ್ಕೂಲು. ಮಧ್ಯಾಹ್ನ ಮನೆಗೆ ಬಂದು ಹಿತ್ತಲಿಗೆ ಹೋದವಳು ಹಾಗೇ ನಿಂತುಬಿಟ್ಟೆ. ಮನೆಯ ಪಾತ್ರೆಗಳೆಲ್ಲ ಹೊರಗೆ ಸಾಲಾಗಿ ಕೂತಿದ್ದವು. ಹಂಡೆ, ಬಿಂದಿಗೆ, ಚೊಂಬು, ತಳ ಸೀದುಹೋಗಿದ್ದ ಸಾರಿನ ಪಾತ್ರೆ, ಅಪ್ಪನ ಊಟದ ತಟ್ಟೆ. ಎಲ್ಲವೂ ಹೊಳೆಯುತ್ತಿದ್ದವು. ಹಿತ್ತಾಳೆ ಬಿಂದಿಗೆಯಲ್ಲಿ ನನ್ನ ಮುಖ ಕಾಣುತ್ತಿತ್ತು, ಮೂಗು ಮಾತ್ರ ಅಗಲವಾಗಿ. ಅತ್ತಿಗೆ ಸೀರೆ ಎತ್ತಿ ಕಟ್ಟಿಕೊಂಡು ಕೊನೆಯ ಚೊಂಬಿಗೆ ನೀರು ಹುಯ್ಯುತ್ತಿದ್ದಳು. ಅವಳ ಕೈ ಮೊಣಕೈವರೆಗೆ ಹುಣಸೆಹಣ್ಣು, ಬೂದಿ. ಬಚ್ಚಲ ನೀರೆಲ್ಲ ಬಾಳೆಯ ಬುಡಕ್ಕೆ ಹರಿದು, ಅಲ್ಲಿ ಕೆಸರಾಗಿತ್ತು. ಊರಿಗೆ ಹೋಗುವ ಮೊದಲು ಅಜ್ಜಿಗೆ ಸಂತೋಷವಾಗುವ ಹಾಗೆ ಏನಾದರೂ ಮಾಡಬೇಕು ಎಂದು ಅವಳು ಬೆಳಗಿನಿಂದ ಉಜ್ಜುತ್ತಿದ್ದಳು. ನಾನೂ ಸೇರಿಕೊಂಡು ತೊಳೆದ ಪಾತ್ರೆಗಳನ್ನು ಬಿಸಿಲಿಗೆ ಸಾಗಿಸಿದೆ.

ಅಜ್ಜಿ ಮಡಿಲ ತುಂಬ ಕಡಲೆಕಾಯಿ ತುಂಬಿಕೊಂಡು ಬಂದಳು. ಪಾತ್ರೆಗಳನ್ನು ನೋಡಿದಳು. ಬಿಂದಿಗೆಯನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದಳು. ಮೈಸೂರು ಅರಮನೆ ಕಂಡಂಗಾಯ್ತು ಅಂದಳು. ಅತ್ತಿಗೆಯ ಮುಖ ಅರಳಿತು. ಆಮೇಲೆ ಅಜ್ಜಿ ಬೂದಿಯ ಮಡಕೆಯ ಕಡೆ ತಿರುಗಿದಳು. ಅದರ ಪಕ್ಕದಲ್ಲಿ ಇನ್ನೊಂದು ಮಡಕೆ ತೊಳೆದು ಬೋರಲು ಹಾಕಿತ್ತು.

"ಇದ್ರಲ್ಲಿದ್ದ ಮರಳು ಎಲ್ಲವ್ವ?"

"ಪಾತ್ರೆ ಉಜ್ಜಕ್ಕೆ ಅಂತ ಮಡಗಿದ್ರಲ್ಲಜ್ಜಿ, ಅದಾ? ಎಲ್ಲಾ ಖರ್ಚಾಗೋಯ್ತು. ಎಂಥಾ ಮರಳು ಕಣಜ್ಜಿ ಅದು, ಕೈಗೆ ಒತ್ತದೇ ಇಲ್ಲ."

ಅಜ್ಜಿ ಮಡಿಲಿನ ಸೆರಗನ್ನು ಬಿಟ್ಟಳು. ಕಡಲೆಕಾಯಿಗಳು ಕಾಲಿನ ಸುತ್ತ ಬಿದ್ದವು. ಬಾಳೆಯ ಬುಡದ ತನಕ ನಡೆದುಹೋಗಿ, ಬಗ್ಗಿ, ಕೆಸರಿಗೆ ಬೆರಳಿಟ್ಟು ತಿಕ್ಕಿ ನೋಡಿದಳು. ಬೂದಿ, ಮಣ್ಣು, ಹುಣಸೆ ನಾರು ಎಲ್ಲ ಕಲೆತುಹೋಗಿತ್ತು. ವಾಪಸು ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಅಜ್ಜಿ ಬೈಯುವುದನ್ನು ಕಂಡಿದ್ದೆ, ಅಳುವುದನ್ನೂ ಒಂದು ಸಲ ಕಂಡಿದ್ದೆ. ಹೀಗೆ ಕೂತದ್ದನ್ನು ಕಂಡಿರಲಿಲ್ಲ.

ಅದು ಹುರಿಯುವ ಮರಳು ಎಂದು ಅತ್ತಿಗೆಗೆ ಹೇಳಿದವಳು ನಾನೇ. ಹೇಳಬೇಕೋ ಬೇಡವೋ ಗೊತ್ತಾಗಲಿಲ್ಲ, ಆದರೆ ಅವಳು ಒಬ್ಬಳೇ ಏನೂ ತಿಳಿಯದೆ ನಗುತ್ತ ನಿಂತಿದ್ದನ್ನು ನೋಡಲಾಗಲಿಲ್ಲ. ಅತ್ತಿಗೆ ಚೊಂಬನ್ನು ನಿಧಾನವಾಗಿ ಕೆಳಗಿಟ್ಟಳು. ನನ್ನನ್ನು ಗೋಡೆಯ ಮರೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದಳು.

"ನಾಳೆ ನಮ್ಮಪ್ಪ ಬಂದಾಗ ಅಜ್ಜಿ ಏನಂದ್ರೂ ನಾನು ಅನ್ನಿಸ್ಕೋತೀನಿ ಕೂಸೇ. ಆದ್ರೆ ಮಗಳಿಗೆ ಏನೂ ಕಲ್ಸಿಲ್ಲ ಅಂತ ನಮ್ಮಪ್ಪನ ಮುಂದೆ ಅಂದ್ಬುಟ್ರೆ, ಆವಯ್ಯ ತಡ್ಕೊಳಲ್ಲ."

ಅವಳು ಅಳಲಿಲ್ಲ. ಕೈಯಲ್ಲಿ ಅಂಟಿದ್ದ ಹುಣಸೆಯನ್ನು ಒಂದೊಂದೇ ಬೆರಳಿನಿಂದ ಬಿಡಿಸಿದಳು. ಆಮೇಲೆ ಹೋಗಿ ಅಜ್ಜಿಯ ಮುಂದೆ ನೆಲದ ಮೇಲೆ ಕೂತು, ಬೈಯಿರಿ ಅಜ್ಜಿ, ಸುಮ್ಮನಿರಬೇಡಿ ಅಂದಳು.

ಅಜ್ಜಿ ಬೈಯಲಿಲ್ಲ. ಉಜ್ಜುವ ಬೂದಿಯ ಪಕ್ಕದಲ್ಲಿ ತಂದಿಟ್ಟವಳು ನಾನೇ, ನಿನಗೆ ಹೇಳಿ ಹೋಗಬೇಕಿತ್ತು ಅಂದಳು. ಆಮೇಲೆ ಅಜ್ಜಿ ಹೇಳಿದ ಮಾತು ನಮ್ಮಿಬ್ಬರಿಗೂ ಹೊಸದು. ತನಗೆ ಕೋಪ ಬಂದಿಲ್ಲ, ಹೆದರಿಕೆಯಾಗಿದೆ ಎಂದಳು. ಮದುವೆಯಾಗಿ ಬಂದ ವರ್ಷ ಅತ್ತೆ ಆ ಮರಳನ್ನು ಕೈಗಿಟ್ಟರು, ಅಲ್ಲಿಂದ ಇಲ್ಲಿಯವರೆಗೆ ಅದರಲ್ಲೇ ಹುರಿದಿದ್ದೇನೆ. ಎಷ್ಟು ಕಾಯಬೇಕು, ಯಾವಾಗ ಇಳಿಸಬೇಕು, ಎಲ್ಲ ಆ ಮರಳಿಗೇ ಗೊತ್ತಿತ್ತು. ಬೇರೆ ಮರಳಿನಲ್ಲಿ ಹುರಿಯಲು ನನಗೆ ಬರುವುದಿಲ್ಲ. ಬೀಗರಿಗೆ ನಾಳೆ ಏನು ಕೊಡಲಿ ಅಂದಳು.

ಅಜ್ಜಿಗೆ ಬಾರದ ಕೆಲಸವೂ ಒಂದಿದೆ ಎಂದು ನಾನು ಅಂದುಕೊಂಡೇ ಇರಲಿಲ್ಲ.

ಅತ್ತಿಗೆ ತಲೆ ಎತ್ತಿದಳು. ಹೊಳೆ ಮರಳು ಸಿಕ್ಕರೆ ನಾನು ಹದ ಮಾಡಿ ಕೊಡುತ್ತೇನೆ ಅಂದಳು. ಅವರ ಊರಿನಲ್ಲಿ ಮರಳನ್ನು ಯಾರೂ ಎತ್ತಿಡುವುದಿಲ್ಲವಂತೆ. ಬಾಗಿಲು ತೆಗೆದರೆ ಮರಳೇ ಇರುವಾಗ ಎತ್ತಿಡುವುದು ಯಾಕೆ. ಪ್ರತಿ ಸಲವೂ ಹೊಸ ಮರಳು ತಂದು ಪಳಗಿಸಿ ಹುರಿಯುತ್ತಾರಂತೆ. ಆ ಮಡಕೆಯಲ್ಲಿದ್ದದ್ದು ಹುರಿಯುವ ಮರಳು ಎಂದು ಅವಳಿಗೆ ಹೊಳೆಯದೇ ಇದ್ದದ್ದೂ ಅದಕ್ಕೇ.

ಪಕ್ಕದ ಮನೆಯವರು ಗೋಡೆ ಕಟ್ಟಲು ಹಾಕಿಸಿದ್ದ ಮರಳಿನ ಗುಡ್ಡೆ ನಮ್ಮ ಬೀದಿಯಲ್ಲೇ ಇತ್ತು. ಅದನ್ನು ತರಲೇ ಎಂದು ನಾನು ಕೇಳಿದೆ. ಊರಿನ ನಾಯಿಗಳೆಲ್ಲ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತವೆ ನೋಡಿದ್ದೀಯಾ ಎಂದು ಅಜ್ಜಿ ಕೇಳಿದಳು. ನೋಡಿದ್ದೆ. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅಜ್ಜಿಯ ಬಾಯಿಯ ಕೊನೆ ಸ್ವಲ್ಪ ಮೇಲೆ ಹೋಯಿತು.

ಊಟಕ್ಕೆ ಬಂದ ಅಣ್ಣ ವಿಷಯ ಕೇಳಿ, ಅನ್ನ ನುಂಗುತ್ತಲೇ ಸೈಕಲ್ಲು ತೆಗೆದ. ನಾನೂ ಹಟ ಮಾಡಿ ಮುಂದಿನ ಬಾರಿನ ಮೇಲೆ ಹತ್ತಿದೆ. ಬಾರಿಗೆ ಟವೆಲು ಸುತ್ತಿದ್ದರೂ ಗುಂಡಿ ಬಂದಾಗಲೆಲ್ಲ ತೊಡೆ ಉರಿಯುತ್ತಿತ್ತು. ಆದರೂ ಆ ದಾರಿ ಎಷ್ಟು ಚೆನ್ನಾಗಿತ್ತು. ಎರಡೂ ಕಡೆ ಕಿತ್ತ ಕಡಲೆಕಾಯಿ ಗಿಡದ ಮೆದೆಗಳು, ಹಸಿ ಮಣ್ಣಿನ ವಾಸನೆ, ರಾಗಿ ಹೊಲದ ಮೇಲೆ ಹಾರುವ ಗಿಣಿಗಳು. ಇಳಿಜಾರು ಬಂದಾಗ ಅಣ್ಣ ಪೆಡಲ್ಲಿನಿಂದ ಕಾಲು ತೆಗೆದು ಎರಡೂ ಪಕ್ಕಕ್ಕೆ ಚಾಚುತ್ತಿದ್ದ. ನಾನು ಕಣ್ಣು ಮುಚ್ಚಿ ಬಾಯಿ ತೆರೆದು ಗಾಳಿ ಕುಡಿಯುತ್ತಿದ್ದೆ.

ನಂಜನಗೂಡಿನಲ್ಲಿ ಹೊಳೆ ತುಂಬಿ ಇಳಿದಿತ್ತು. ದಡದ ಒಂದು ಕಡೆ ಹೊಸ ಮರಳು ಅಲೆ ಅಲೆಯಾಗಿ ಬಿದ್ದಿತ್ತು. ಅತ್ತಿಗೆ ಹೇಳಿ ಕಳಿಸಿದ್ದ ಹಾಗೆ ಮೇಲಿನದನ್ನು ಸರಿಸಿ, ಒಳಗಿನ ಸಣ್ಣ ಮರಳನ್ನು ಬಾಚಿ ಚೀಲಕ್ಕೆ ತುಂಬಿದೆವು. ನಾನು ಮೊಣಕಾಲಿನ ತನಕ ನೀರಿನಲ್ಲಿ ನಿಂತೆ. ಮೀನಿನ ಮರಿಗಳು ಬಂದು ಕಾಲಿಗೆ ಮುತ್ತು ಕೊಟ್ಟು ಹೋದವು. ಬರುವಾಗ ಕ್ಯಾರಿಯರಿನ ಮೇಲಿದ್ದ ಚೀಲದಿಂದ ನೀರು ತೊಟ್ಟಿಕ್ಕುತ್ತ ರಸ್ತೆಯುದ್ದಕ್ಕೂ ಗೆರೆ ಎಳೆಯಿತು.

ಮನೆಯಲ್ಲಿ ಅತ್ತಿಗೆ ಕಾಯುತ್ತಿದ್ದಳು. ಮರಳನ್ನು ಬಕೆಟ್ಟಿಗೆ ಸುರಿದು, ನೀರು ಹಾಕಿ ಕದಡಿ, ಬಗ್ಗಿಸಿ, ಮತ್ತೆ ಹಾಕಿ, ನೀರು ತಿಳಿಯಾಗಿ ಬರುವ ತನಕ ತೊಳೆದಳು. ಬಾಣಲಿಯಲ್ಲಿ ಹಾಕಿ ಒಣಗಿಸಿದಳು. ಆಮೇಲೆ ಒಂದು ಹಿಡಿ ಉಪ್ಪು, ಎರಡು ಹಿಡಿ ಕಡಲೆಕಾಯಿ ಸಿಪ್ಪೆ, ಸ್ವಲ್ಪ ಕಡಲೆಕಾಯಿ ಎಣ್ಣೆ. ಹೊಗೆ ಎದ್ದಿತು. ನಮಗೆಲ್ಲ ಕೆಮ್ಮು. ಮರಳಿಗೆ ಎಣ್ಣೆ ಕುಡಿಸುವುದು ಎಂದು ಅವರ ಊರಲ್ಲಿ ಇದನ್ನು ಕರೆಯುತ್ತಾರಂತೆ. ಹೊಗೆ ನಿಲ್ಲುವ ತನಕ ಮಗುಚುತ್ತಲೇ ಇದ್ದು, ಸುಟ್ಟ ಸಿಪ್ಪೆಯನ್ನು ಜರಡಿ ಹಿಡಿದು ತೆಗೆದಳು. ಕಂದು ಮರಳು ಬೆಲ್ಲದ ಬಣ್ಣಕ್ಕೆ ತಿರುಗಿತ್ತು.

ಇಷ್ಟಾದ ಮೇಲೆ ಅತ್ತಿಗೆ ಎದ್ದು, ಒಲೆಯ ಮುಂದಿನ ಜಾಗವನ್ನು ಅಜ್ಜಿಗೆ ಬಿಟ್ಟಳು. ಹುರಿಯುವವಳು ಅಜ್ಜಿಯೇ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅಜ್ಜಿ ಕೂತಳು. ಒಲೆಗೆ ಸೌದೆ ನೂಕಿದಳು. ಮರಳು ಹದಕ್ಕೆ ಕಾದಿದೆಯೇ ಎಂದು ನೋಡಲು ಎರಡು ಭತ್ತದ ಕಾಳು ಎಸೆದಳು. ಅದು ಅವಳ ರೂಢಿ. ಕಾಳು ಪಟ್ಟೆಂದು ಅರಳಿತು. ಬೀಜ ಸುರಿದಳು. ಹಳೆಯ ಮರಳಿನಲ್ಲಿ ಆಗುತ್ತಿದ್ದಷ್ಟು ಹೊತ್ತು ಬಿಟ್ಟು ಜರಡಿಗೆ ಹಾಕಿದಳು. ಬೀಜ ಮೇಲೆಲ್ಲ ಕರ್ರಗೆ. ಕಚ್ಚಿದರೆ ಒಳಗೆ ಹಸಿ. ಅಜ್ಜಿ ಅದನ್ನು ಕೋಳಿಗಳ ಕಡೆ ಎಸೆದಳು. ಕೋಳಿಗಳು ಓಡಿ ಬಂದವು, ಕುಕ್ಕಿದವು, ವಾಪಸು ಹೋದವು.

ಯಾರೂ ನಗಲಿಲ್ಲ. ಅಜ್ಜಿ ಕೈಯಲ್ಲಿದ್ದ ಮರದ ಸೌಟನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಣೆಯನ್ನು ಒಂದು ಕಡೆಗೆ ಸರಿಸಿ, ಅತ್ತಿಗೆಯ ಕೈಗೆ ಸೌಟು ಕೊಟ್ಟಳು.

"ತಕ್ಕೊಳವ್ವ. ನೀನೇ ಹುರಿ. ಈ ಮರಳಿನ ಬುದ್ಧಿ ನಂಗೆ ಗೊತ್ತಿಲ್ಲ, ನಿಂಗೆ ಗೊತ್ತು."

ಅತ್ತಿಗೆ ಮೊದಲು ಎರಡು ಸೌದೆ ಈಚೆಗೆ ಎಳೆದಳು. ಹೊಸ ಮರಳು ಬೇಗ ಕಾಯುತ್ತದೆ, ಬೇಗ ಆರುತ್ತದೆ, ಅದಕ್ಕೆ ಉರಿ ಸಣ್ಣಗಿರಬೇಕು, ಬೀಜ ಕಡಿಮೆ ಹಾಕಬೇಕು ಅಂದಳು. ಬಗ್ಗಿ ಕಿವಿಯನ್ನು ಬಾಣಲಿಯ ಹತ್ತಿರ ತಂದಳು. ಮೊದಲು ಬೀಜ ಒದ್ದೆ ಸದ್ದು ಮಾಡಿತು. ಆಮೇಲೆ ಚಿಟ ಚಿಟ. ಆಮೇಲೆ ಆ ಸದ್ದು ಕಡಿಮೆಯಾಗಿ, ಕೊನೆಗೆ ಮರಳು ಮಗುಚುವ ಸರಸರ ಮಾತ್ರ ಉಳಿಯಿತು. ಆಗ ಅವಳು ಬಾಣಲಿಯನ್ನು ಒಲೆಯಿಂದ ಇಳಿಸಿ, ಕೆಳಗಿಟ್ಟುಕೊಂಡೇ ಇನ್ನೂ ಸ್ವಲ್ಪ ಮಗುಚಿದಳು. ಜರಡಿ ಆಡಿಸಿದಾಗ ಹೊರಗೆ ಬಂದ ಬೀಜಕ್ಕೆ ಉಪ್ಪಿನ ಬಿಳಿ ಮಂಜು ಅಂಟಿತ್ತು, ಸಿಪ್ಪೆ ಅಲ್ಲಲ್ಲಿ ಬಿರಿದಿತ್ತು.

ಅಜ್ಜಿ ಒಂದನ್ನು ಬಾಯಿಗೆ ಹಾಕಿಕೊಂಡಳು. ಅವಳಿಗೆ ಎಡಗಡೆ ಮಾತ್ರ ಗಟ್ಟಿ ಹಲ್ಲುಗಳಿದ್ದವು. ಎಡಕ್ಕೆ ತಳ್ಳಿ ಕಚ್ಚಿದಳು. ಕಟಕ್ ಎಂದದ್ದು ನಮಗೆಲ್ಲ ಕೇಳಿಸಿತು. ಎದ್ದು ಹೋಗಿ ಒರಳಿನ ಮುಂದೆ ಕೂತು ಬೆಳ್ಳುಳ್ಳಿ ಮೆಣಸಿನಕಾಯಿ ಕುಟ್ಟತೊಡಗಿದಳು. ಅತ್ತಿಗೆ ನನ್ನ ಮುಖ ನೋಡಿದಳು. ಅಜ್ಜಿ ಕುಟ್ಟುತ್ತಿದ್ದಾಳೆ ಎಂದರೆ ಕಡಲೆಬೀಜ ಸರಿಯಾಗಿದೆ ಎಂದು ನಾನು ಅವಳಿಗೆ ಹೇಳಿದೆ.

ಆಮೇಲಿನದು ಹಬ್ಬವೇ. ಅತ್ತಿಗೆ ಹುರಿಯುವುದು, ನಾನು ಜರಡಿ ಹಿಡಿಯುವುದು, ಅಜ್ಜಿ ಅಗಲ ಪಾತ್ರೆಯಲ್ಲಿ ಖಾರ ಸೇರಿಸಿ ಕುಲುಕುವುದು. ಅಣ್ಣ ಕರಿಬೇವು ಬಿಡಿಸುತ್ತ ನಡುನಡುವೆ ಕೈ ಹಾಕಿ ಬಾಯಿ ಸುಟ್ಟುಕೊಳ್ಳುವುದು. ಮಾವನ ಮನೆಯಲ್ಲಿ ಅಳಿಯನ ಬಾಯಿಗೆ ಬಾವು ಬಂದರೆ ಒಬ್ಬಟ್ಟೂ ಇಲ್ಲ ಏನೂ ಇಲ್ಲ ಎಂದು ಅಜ್ಜಿ ರೇಗಿಸಿದಳು. ಸಂಜೆ ಅವ್ವ ಬದನವಾಳಿನಿಂದ ಬರುವಾಗ ಸೀರೆಯ ಮೇಲೆಲ್ಲ ಹತ್ತಿಯ ಎಳೆ ಅಂಟಿಸಿಕೊಂಡಿದ್ದಳು. ಬಾಗಿಲಲ್ಲಿ ನಿಂತು ಮೊದಲು ಘಮ ಹಿಡಿದಳು, ಆಮೇಲೆ ಪಾತ್ರೆಗಳನ್ನು ನೋಡಿದಳು. ಬೇರೆ ಯಾರದೋ ಮನೆಗೆ ಬಂದೆ ಅಂದುಕೊಂಡೆ ಎಂದಳು. ಜಗಲಿಯ ಮೇಲೆ ಆಗಲೇ ಮಕ್ಕಳು ಕೂತಾಗಿತ್ತು.

ಆದರೆ ನನಗೆ ಸಮಾಧಾನ ಇರಲಿಲ್ಲ. ಬೆಳಿಗ್ಗೆ ಅಜ್ಜಿ ಬೀಗರ ಮುಂದೆ ಏನು ಹೇಳುತ್ತಾಳೋ ಎಂಬುದೇ ತಲೆಯಲ್ಲಿತ್ತು. ಅತ್ತಿಗೆಗೂ ಅದೇ ಇತ್ತು. ರಾತ್ರಿ ಅವಳು ಮುದ್ದೆ ಮುರಿದಳೇ ಹೊರತು ಸರಿಯಾಗಿ ಉಣ್ಣಲಿಲ್ಲ.

ಅತ್ತಿಗೆಯ ಅಪ್ಪ ಮೊದಲ ಬಸ್ಸಿಗೇ ಬಂದರು. ತೆಳ್ಳಗೆ, ಎತ್ತರಕ್ಕೆ, ಬಿಳಿ ಪಂಚೆ. ಒಂದು ಕೈಯಲ್ಲಿ ಬಾಳೆಗೊನೆ. ಕೂತು ನೀರು ಕುಡಿದು, ಮನೆಯನ್ನೆಲ್ಲ ಒಂದು ಸಲ ಕಣ್ಣಿನಿಂದ ಸುತ್ತಿದರು. ಮಗಳು ಹೇಗಿದ್ದಾಳೆ ಎಂದು ಬಾಯಿ ಬಿಟ್ಟು ಕೇಳಲಿಲ್ಲ. ಅಜ್ಜಿ ತಟ್ಟೆಯಲ್ಲಿ ಕಡಲೆಬೀಜ ತಂದು ಮುಂದೆ ಇಟ್ಟಳು. ಅವರು ನಾಲ್ಕು ಬೀಜ ಬಾಯಿಗೆ ಹಾಕಿಕೊಂಡರು. ಅಗಿಯುವುದನ್ನು ನಿಲ್ಲಿಸಿದರು. ಮತ್ತೆ ಅಗಿದರು.

"ಏನವ್ವಾ, ಇದು ನಮ್ಮನೆ ಹುರಿ ಇದ್ದಂಗೇ ಅದೆಯಲ್ಲ."

ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಸೆರಗಿನ ತುದಿ ಹಿಡಿದು ನಿಂತಿದ್ದಳು. ನಡೆದದ್ದನ್ನೆಲ್ಲ ಹೇಳಿಬಿಡೋಣ ಎಂದು ನಾನು ಬಾಯಿ ತೆರೆದೆ. ಅಜ್ಜಿ ನನ್ನ ಕಡೆ ನೋಡದೆಯೇ ಒಂದು ಹಿಡಿ ಕಡಲೆಬೀಜ ನನ್ನ ಕೈಗೆ ತುರುಕಿ, ತಿನ್ನು ಅಂದಳು. ಆಮೇಲೆ ಬೀಗರ ಕಡೆ ತಿರುಗಿದಳು.

"ನಿನ್ ಮಗಳೇ ಹುರ್ದಿದ್ದು. ಹೊಸ ಮರಳಲ್ಲಿ ಹುರಿಯಕ್ಕೆ ನಂಗೂ ಬರಲ್ಲ ಕಣಪ್ಪ. ಚೆಂದಾಗಿ ಕಲ್ಸಿದ್ದೀಯೆ."

ಅವರು ತಲೆ ಬಗ್ಗಿಸಿ ತಟ್ಟೆಯನ್ನೇ ನೋಡಿದರು. ಖಾರ ಜಾಸ್ತಿಯಾಯಿತು ಎಂದು ಟವೆಲಿನಿಂದ ಕಣ್ಣು ಒರೆಸಿಕೊಂಡರು. ಖಾರ ಜಾಸ್ತಿಯಿರಲಿಲ್ಲ, ನಾನೂ ತಿನ್ನುತ್ತಿದ್ದೆ. ಅತ್ತಿಗೆ ಒಳಗೆ ಹೋದಳು. ಕ್ಷಣದಲ್ಲೇ ಅಲ್ಲಿಂದ ಅವಳ ಬಳೆಗಳ ಸದ್ದೂ, ಯಾವುದೋ ಹಾಡನ್ನು ಮೂಗಿನಲ್ಲಿ ಗುನುಗುವ ಸದ್ದೂ ಬಂತು. ಮದುವೆಯಾಗಿ ಬಂದ ಮೇಲೆ ಅವಳು ನಮ್ಮ ಮನೆಯಲ್ಲಿ ಗುನುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಈಗ ನಾನೇ ಅಜ್ಜಿ, ನಿಮ್ಮ ಮನೆ ಎರಡನೇ ಮಹಡಿಯಲ್ಲಿದೆ. ಅಲ್ಲಿ ಒಲೆಗೆ ಸೌದೆ ಬೇಡ, ಹೊಗೆ ಇಲ್ಲ, ಜರಡಿ ಇರುವುದು ಟೀ ಸೋಸಲು ಮಾತ್ರ. ಹೊಳೆಯಲ್ಲಿ ಹೋಗಿ ಒಂದು ಚೀಲ ಮರಳು ತುಂಬಿಕೊಂಡರೆ ಈಗ ಯಾರಾದರೂ ಬಂದು ಕೇಳುತ್ತಾರೆ. ಕಡಲೆಬೀಜವನ್ನು ಗಾಜಿನ ತಟ್ಟೆಯಲ್ಲಿ ಹರಡಿ ಮೈಕ್ರೋವೇವಿನಲ್ಲಿ ಇಡುತ್ತೀರಿ. ಅದು ಒಳಗೇ ದೀಪ ಹಾಕಿಕೊಂಡು ತಿರುಗುತ್ತದೆ. ಆಯಿತು ಎಂದು ಅದೇ ಕೂಗಿ ಹೇಳುತ್ತದೆ, ಕಿವಿಗೊಟ್ಟು ಕೂರಬೇಕಾಗಿಲ್ಲ. ಮೊದಲ ಸಲ ಆ ಗುಂಡಿಗಳ ಮುಂದೆ ನಿಂತಾಗ ನನ್ನ ಬೆರಳು ಮುಂದೆ ಹೋಗಲಿಲ್ಲ. ಸುಟ್ಟು ಹೋದರೆ, ಒಡೆದು ಹೋದರೆ, ಕರೆಂಟು ಹೊಡೆದರೆ ಎಂದು. ಆಗ ನೀವಿಬ್ಬರೂ ನಗಲಿಲ್ಲ. ಮೊದಲು ಇದು ಅಜ್ಜಿ, ಆಮೇಲೆ ಇದು, ನಡುವೆ ತೆಗೆದು ಒಂದು ಸಲ ಕೈಯಾಡಿಸು ಎಂದು ನಿಂತು ಹೇಳಿಕೊಟ್ಟಿರಿ.

ಹೋದ ಭಾನುವಾರ ನಾವು ಮಾಡಿದ ಕಡಲೆಬೀಜವನ್ನು ಕೆಳಗಿನ ಮನೆಯವರಿಗೆ ಒಂದು ಬಟ್ಟಲು ಕೊಟ್ಟುಬಂದೆ. ಹಳೇ ಕಾಲದ ಕೈ ಎಂದರೆ ಹೀಗೇ ಕಣಜ್ಜಿ ಎಂದರು ಅವರು. ಹುರಿದವರು ನನ್ನ ಮೊಮ್ಮಕ್ಕಳು ಎಂದು ನಿಮ್ಮಿಬ್ಬರ ಹೆಸರನ್ನೂ ಹೇಳಿದೆ. ಅವರು ನಂಬಲಿಲ್ಲ. ಮೇಲೆ ಬಂದು ನಿಮ್ಮನ್ನೇ ಕೇಳುತ್ತಾರಂತೆ. ಕೇಳಿದರೆ ಹೌದು ಅನ್ನಿ.